ಬಾಣಬಿರುಸಿನ ಕೊಳವೆ

ಬಾಣಬಿರುಸಿನ ವಿದ್ಯೆಯು ಕನ್ನಡ ನಾಡಿನಲ್ಲಿ ವಿಜಯನಗರದ ಕಾಲಕ್ಕಾಗಲೇ ಪ್ರೌಢವಾಗಿದ್ದಿತು. 1443ರಲ್ಲಿ ಮಹಾನವಮಿಯನ್ನು ಕಂಡ ಪಾರಸಿಕ ರಾಯಭಾರಿ ಅಬ್ದುರ್ ರಝಾಕನು ಅವುಗಳ ಬಗೆಗಳನ್ನು ಬಣ್ಣಿಸಿ ತೀರದೆಂದನು. ಸುಮಾರು 1520ರಲ್ಲಿ ಬಂದ ಪೋರ್ಚುಗೀಸರ ಪಾಯೆಸನು, ಉರಿಯುವ ಕೋಟೆಗಳೊಳಗಿಂದ ಸಿಡಿಗುಂಡುಗಳೂ ಬಾಣಗಳೂ ಹಾರಿದುದನ್ನು ಬರೆದಿರುವನು. ವಿನೋದದ ಬಾಣಕ್ಕೆ ಕಾಗದದ ಅಥವಾ ಬಿದಿರಿನ ಕೊಳವೆಯೇ ಒಡಲು. ಒಳಗೆ ಪೆಟ್ಲುಪ್ಪು, ಗಂಧಕ, ಇದ್ದಲುಗಳ ಮದ್ದು. ಮದ್ದನ್ನು ಬಿಗಿದು ತುಂಬಿದಷ್ಟೂ ವೇಗವು ಹೆಚ್ಚು. ಆದರೆ ಕೊಳವೆಯು ಬಿರಿದರೆ ಹಚ್ಚಿದವನ ಕೈಯೇ ಹೋಗುವುದು.

ಈ ಕೊರತೆಯನ್ನು ಹೈದರ್ ಟೀಪುಗಳ ಕಾಲದ ಮೈಸೂರಿನ ಕಮ್ಮಾರರು ಕಬ್ಬಿಣದ ಕೊಳವೆಯಿಂದ ನೀಗಿದರು. ಅದಕ್ಕೆ ಉದ್ದನೆಯ ಬಿದಿರನ್ನು ತೊಗಲಿನ ಪಟ್ಟಿಯಿಂದ ಬಿಗಿದು, 1780ರ ಪೊಳ್ಳಿಲೂರಿನ ಕಾಳಗದಲ್ಲಿ ಆಂಗ್ಲರ ಮೇಲೆ ಬಿಟ್ಟರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅವು ಇಂಗ್ಲೆಂಡಿಗೆ ಹೋದುವು; ಕಾಂಗ್ರೀವನ ಬಾಣಗಳಿಗೆ ಮಾದರಿಯಾದುವು. ಬಾಣಗಳನ್ನು ಒಯ್ದವರು ಕಮ್ಮಾರರ ಹೆಸರನ್ನು ಕೇಳಿದಂತಿಲ್ಲ!

ನಮ್ಮ ಹಾಸನ ಸೀಮೆಯ ಮಂಜರಾಬಾದಿನ ಕೋಟೆಯಲ್ಲಿ ಮದ್ದಿನ ಮನೆಗಳೆನ್ನುವ ನೆಲಮಾಳಿಗೆಗಳುಂಟು. ಬಾಣಗಳ ರಾಶಿಯೇ ದೊರೆತುದು ಕೆಳದಿಯ ವೀರಶೈವ ಅರಸರ ರಾಜಧಾನಿಯಾಗಿದ್ದು 1763ರಲ್ಲಿ ಹೈದರನ ವಶವಾದ ಬಿದನೂರಿನಲ್ಲಿ, ಅಂದರೆ ಇಂದಿನ ನಗರದಲ್ಲಿ. 2018ರಲ್ಲಿ ಅಲ್ಲಿಯ ಹಾಳುಬಾವಿಯೊಂದರಿಂದ ಸಾವಿರಕ್ಕೂ ಮೇಲ್ಪಟ್ಟ ಬಾಣಗಳನ್ನು ಎತ್ತಿದರು. ಗೇಣುದ್ದದ ಆ ಕಬ್ಬಿಣದ ಕೊಳವೆಗಳಲ್ಲಿ ಮದ್ದು ಇನ್ನೂ ಉಳಿದಿದ್ದಿತು.