ಹಳ್ಳಿ ಫೋನಿನಿಂದ ಎಂ-ಪೆಸಾವರೆಗೆ: ಆಫ್ರಿಕಾದ ಹೆಣ್ಣುಮಕ್ಕಳ ದುಡಿಮೆಯ ಕಥೆ

ಹಾವೇರಿ ಜಿಲ್ಲೆಯ ನಮ್ಮೂರಿನಲ್ಲಿ, ಬಸ್ ಸ್ಟ್ಯಾಂಡಿನ ಎದುರು, ನಮ್ಮ ಅವ್ವ ಹತ್ತು ವರ್ಷಕ್ಕೂ ಹೆಚ್ಚು ಕಾಲ ಎಸ್‌ಟಿಡಿ ಬೂತ್ ನಡೆಸಿದಳು. ಹಳದಿ ಬೋರ್ಡು, ಗಾಜಿನ ಗೂಡು, ಕೆಂಪು ಅಂಕಿಗಳು ಓಡುವ ಮೀಟರು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ರಾತ್ರಿ ದರ ಇಳಿದ ಮೇಲೆ ಜನ ಪಾಳಿ ಹಚ್ಚುತ್ತಿದ್ದರು. ಗೋವಾಕ್ಕೆ, ಮುಂಬಯಿಗೆ ದುಡಿಯಲು ಹೋದವರ ಸುದ್ದಿಯೆಲ್ಲ ಮೊದಲು ಬರುತ್ತಿದ್ದುದು ಅವ್ವನ ಟೇಬಲ್ಲಿಗೆ. ಯಾರ ಮಗ ಎಷ್ಟು ಕಳಿಸಿದ, ಯಾರ ಸೊಸೆಗೆ ಹೆರಿಗೆಯಾಯಿತು ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಹೋಗುತ್ತಿರಲಿಲ್ಲ. ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು, ಬೂತ್ ಮುಚ್ಚಿತು.

ಈಗ ನಾನು ಪುಣೆಯಲ್ಲಿ, ಹಣ ಪಾವತಿಯ ಸಾಫ್ಟ್‌ವೇರ್ ತಯಾರಿಸುವ ತಂಡದಲ್ಲಿ ಕೆಲಸ ಮಾಡುತ್ತೇನೆ. ಕೆಲಸದ ಸಲುವಾಗಿ ಮೊಬೈಲ್ ಹಣದ ಚರಿತ್ರೆ ಓದುತ್ತ ಹೋದಾಗ ಉಗಾಂಡ ಮತ್ತು ಕೀನ್ಯಾದ ಹಳ್ಳಿಗಳಲ್ಲಿ ಅವ್ವನಂಥ ಅನೇಕರು ಎದುರಾದರು. ಅವರ ಕಥೆಯನ್ನು ನಮ್ಮ ವೇದಿಕೆಯ ಗೆಳತಿಯರಿಗೆ ಹೇಳಬೇಕು ಅನಿಸಿತು.

ಶುರುವಾಗುವುದು ಫೋನಿನಿಂದಲ್ಲ, ಕಂಪ್ಯೂಟರಿನಿಂದ. ಉಗಾಂಡದ ರಾಜಧಾನಿ ಕಂಪಾಲದ ಉತ್ತರಕ್ಕೆ ನಕಸೆಕೆ ಎಂಬ ಊರಿದೆ. 1980ರ ದಶಕದ ಅಂತರ್ಯುದ್ಧದಲ್ಲಿ ನಲುಗಿದ ಪ್ರದೇಶ ಅದು. 1990ರ ದಶಕದ ಕೊನೆಯಲ್ಲಿ ಯುನೆಸ್ಕೋ ಮತ್ತಿತರ ಸಂಸ್ಥೆಗಳ ನೆರವಿನಿಂದ ಅಲ್ಲಿ ಒಂದು ಸಮುದಾಯ ಟೆಲಿಸೆಂಟರ್ ಶುರುವಾಯಿತು. ಕಂಪ್ಯೂಟರು, ಫೋನು, ಪುಸ್ತಕಗಳು ಎಲ್ಲ ಒಂದೇ ಕಡೆ. ಆದರೆ ಓದು ಬರಹ ಬಾರದ ರೈತ ಮಹಿಳೆಗೆ ಇಂಗ್ಲಿಷಿನ ಪರದೆಯಿಂದ ಏನು ಪ್ರಯೋಜನ?

ಈ ಪ್ರಶ್ನೆಗೆ ಉತ್ತರವಾಗಿ 2001ರಲ್ಲಿ ಒಂದು ಸಿಡಿ ಬಂತು. ನ್ಯೂಯಾರ್ಕಿನ ಇಂಟರ್‌ನ್ಯಾಷನಲ್ ವಿಮೆನ್ಸ್ ಟ್ರಿಬ್ಯೂನ್ ಸೆಂಟರ್, ಕೆನಡಾದ ಐಡಿಆರ್‌ಸಿ ಜೊತೆ ಸೇರಿ ತಯಾರಿಸಿದ್ದು. ಹೆಸರು, 'ರೂರಲ್ ವಿಮೆನ್ ಇನ್ ಆಫ್ರಿಕಾ: ಐಡಿಯಾಸ್ ಫಾರ್ ಅರ್ನಿಂಗ್ ಮನಿ'. ಚಿತ್ರದ ಮೇಲೆ ಮೌಸ್ ಒತ್ತಿದರೆ ಸಾಕು, ಲುಗಾಂಡ ಭಾಷೆಯಲ್ಲಿ ದನಿ ಕೇಳುತ್ತಿತ್ತು. ನಿಮ್ಮ ಹತ್ತಿರ ಏನಿದೆ, ಅದರಿಂದ ಏನು ಮಾಡಿ ಮಾರಬಹುದು, ಗಿರಾಕಿ ಯಾರು ಎಂಬಂಥ ಮಾತುಗಳು. ಅಕ್ಷರ ಬಾರದವರನ್ನೂ ಬಳಕೆದಾರರೆಂದು ಲೆಕ್ಕಕ್ಕೆ ತೆಗೆದುಕೊಂಡು ಮಾಡಿದ ಸಾಫ್ಟ್‌ವೇರ್ ಅದು. ಇಂದಿಗೂ ನಮ್ಮ ಮೀಟಿಂಗುಗಳಲ್ಲಿ ಈ ಬಳಕೆದಾರಳ ನೆನಪು ಬರುವುದು ಕೊನೆಗೆ, ಕೆಲವೊಮ್ಮೆ ಬರುವುದೇ ಇಲ್ಲ.

ಕಂಪ್ಯೂಟರು ಹಳ್ಳಿಹಳ್ಳಿಗೆ ತಲುಪುವ ಮೊದಲೇ ಮೊಬೈಲ್ ತಲುಪಿತು. ನೆರೆಯ ಬಾಂಗ್ಲಾದೇಶದಲ್ಲಿ ಗ್ರಾಮೀಣ್ ಬ್ಯಾಂಕಿನ ಬಳಗ 1997ರಲ್ಲೇ ಹಳ್ಳಿಯ ಮಹಿಳೆಯರಿಗೆ ಸಾಲ ಕೊಟ್ಟು ಫೋನ್ ಕೊಡಿಸಲು ಶುರು ಮಾಡಿತ್ತು. ಅದೇ ಮಾದರಿಯನ್ನು ಗ್ರಾಮೀಣ್ ಫೌಂಡೇಶನ್ ಮತ್ತು ಎಂಟಿಎನ್ ಕಂಪನಿ 2003ರಲ್ಲಿ ಉಗಾಂಡಕ್ಕೆ ತಂದವು. ಕಿರುಸಾಲ ಸಂಘದ ಸದಸ್ಯೆಗೆ ಸಾಲದ ಮೇಲೆ ಒಂದು ಮೊಬೈಲ್, ದೂರದ ಟವರಿನ ಸಿಗ್ನಲ್ ಹಿಡಿಯಲು ಎತ್ತರದ ಆಂಟೆನಾ, ಕರೆಂಟಿಲ್ಲದ ಊರಾದ್ದರಿಂದ ಕಾರಿನ ಬ್ಯಾಟರಿ. ಊರಿನವರು ಬಂದು ಮಾತಾಡಿದಷ್ಟಕ್ಕೆ ದುಡ್ಡು ಕೊಡುತ್ತಿದ್ದರು. ಆ ಗಳಿಕೆಯಲ್ಲಿ ಅವಳು ಸಾಲದ ಕಂತು ಕಟ್ಟುತ್ತಿದ್ದಳು. ಹಸಿ ಬಾಳೆಕಾಯಿ ಬೆಳೆದವರು ಪೇಟೆಯ ದರ ಕೇಳಿಕೊಂಡೇ ಗಾಡಿ ಹೂಡಬಹುದಾಯಿತು. ಇದನ್ನು ಓದುವಾಗ ನನಗೆ ಕಂಡಿದ್ದು ಅವ್ವನ ಬೂತೇ. ಗಾಜಿನ ಗೂಡೊಂದು ಇರಲಿಲ್ಲ ಅಷ್ಟೆ.

ಮುಂದೆ ನಡೆದದ್ದನ್ನು ಯಾವ ಎಂಜಿನಿಯರೂ ಯೋಚಿಸಿರಲಿಲ್ಲ. ಕಂಪಾಲದಲ್ಲಿ ದುಡಿಯುವ ಮಗ ಊರಲ್ಲಿರುವ ತಾಯಿಗೆ ಹಣ ಕಳಿಸಬೇಕು. ಹಳ್ಳಿಯಲ್ಲಿ ಬ್ಯಾಂಕಿಲ್ಲ. ಅವನು ಕಂಪಾಲದಲ್ಲಿ ಟಾಕ್‌ಟೈಮ್ ಕಾರ್ಡು ಕೊಂಡು, ಹಳ್ಳಿ ಫೋನಿನ ಮಹಿಳೆಗೆ ಕರೆ ಮಾಡಿ, ಕಾರ್ಡಿನ ಗುಪ್ತ ಸಂಖ್ಯೆಯನ್ನು ಓದಿ ಹೇಳುತ್ತಿದ್ದ. ಅವಳು ಅದನ್ನು ತನ್ನ ಫೋನಿಗೆ ತುಂಬಿಕೊಂಡು, ತನ್ನ ಕಮಿಷನ್ ಮುರಿದುಕೊಂಡು, ಉಳಿದ ಹಣವನ್ನು ನಗದಾಗಿ ತಾಯಿಯ ಕೈಗೆ ಕೊಡುತ್ತಿದ್ದಳು. ಆ ಟಾಕ್‌ಟೈಮನ್ನು ಅವಳು ಹೇಗೂ ಊರವರಿಗೆ ನಿಮಿಷದ ಲೆಕ್ಕದಲ್ಲಿ ಮಾರುವವಳೇ. ಈ ವಹಿವಾಟಿಗೆ 'ಸೆಂಟೆ' ಎಂಬ ಹೆಸರು ಬಂತು. ಲುಗಾಂಡದಲ್ಲಿ ಹಾಗೆಂದರೆ ಹಣ. ನೋಕಿಯಾದಲ್ಲಿದ್ದ ಸಂಶೋಧಕ ಯಾನ್ ಚಿಪ್‌ಚೇಸ್ ಇದನ್ನು ಗಮನಿಸಿ ಬರೆದ ಮೇಲೆ ಹೊರಜಗತ್ತಿಗೆ ತಿಳಿಯಿತು. ಆ್ಯಪ್ ಇಲ್ಲ, ಸರ್ವರ್ ಇಲ್ಲ. ಊರಿನ ಒಬ್ಬ ಮಹಿಳೆಯ ಮೇಲಿನ ನಂಬಿಕೆಯೇ ಬ್ಯಾಂಕು.

ಪಕ್ಕದ ಕೀನ್ಯಾದಲ್ಲೂ ಹೀಗೆಯೇ ಆಯಿತು. ವೊಡಾಫೋನಿನ ನಿಕ್ ಹ್ಯೂಸ್ ಮತ್ತು ಸೂಸಿ ಲೋನಿ, ಬ್ರಿಟನ್ ಸರ್ಕಾರದ ನೆರವು ಪಡೆದು, 2005ರಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಕಿರುಸಾಲ ಪಡೆದವರು ವಾರದ ಕಂತನ್ನು ಮೊಬೈಲಿನಲ್ಲೇ ಕಟ್ಟಲಿ ಎಂಬುದು ಅವರ ಉದ್ದೇಶ. ಜನ ಅದನ್ನು ತಮಗೆ ಬೇಕಾದಂತೆ ಬಳಸಿದರು. ಪ್ರಯಾಣಕ್ಕೆ ಮೊದಲು ಇಲ್ಲಿ ಹಣ ಕಟ್ಟಿ, ತಲುಪಿದ ಊರಲ್ಲಿ ಬಿಡಿಸಿಕೊಂಡರು. ವ್ಯಾಪಾರದ ದುಡ್ಡನ್ನು ರಾತ್ರಿ ಮಟ್ಟಿಗೆ ಫೋನಿನಲ್ಲಿ ಇಟ್ಟರು. ಒಬ್ಬರಿಗೊಬ್ಬರು ಕಳಿಸಿಕೊಂಡರು. ಕಂಪನಿ ಇದನ್ನು ನೋಡಿ ತನ್ನ ಯೋಜನೆಯನ್ನೇ ಬದಲಿಸಿತು. 2007ರ ಮಾರ್ಚ್‌ನಲ್ಲಿ ಸಫಾರಿಕಾಂ ಎಂ-ಪೆಸಾವನ್ನು ದೇಶಕ್ಕೆಲ್ಲ ತೆರೆದಾಗ ಜಾಹೀರಾತಿನ ತಿರುಳು ಒಂದೇ: ಮನೆಗೆ ಹಣ ಕಳಿಸಿ. ಇಂಟರ್‌ನೆಟ್ ಬೇಡ, ಸಾಧಾರಣ ಫೋನು ಮತ್ತು ಪಿನ್ ಸಾಕು.

ಪೆಸಾ ಎಂದರೆ ಸ್ವಾಹಿಲಿಯಲ್ಲಿ ಹಣ. ಹಿಂದೂ ಮಹಾಸಾಗರದ ವ್ಯಾಪಾರದ ಜೊತೆ ಆ ತೀರಕ್ಕೆ ಹೋದ ನಮ್ಮ ಪೈಸೆಯೇ ಅದು.

ಇದರಿಂದ ಹೆಣ್ಣುಮಕ್ಕಳಿಗೆ ಏನಾಯಿತು? ಅರ್ಥಶಾಸ್ತ್ರಜ್ಞರಾದ ತವ್ನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ ವರ್ಷಗಟ್ಟಲೆ ಅಧ್ಯಯನ ಮಾಡಿ 2016ರ ಡಿಸೆಂಬರ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ಅಂದಾಜಿನಂತೆ ಎಂ-ಪೆಸಾ ಕೀನ್ಯಾದ 1,94,000 ಕುಟುಂಬಗಳನ್ನು, ಅಂದರೆ ಶೇಕಡಾ 2ರಷ್ಟನ್ನು, ಬಡತನದಿಂದ ಮೇಲೆತ್ತಿತು. ಸುಮಾರು 1,85,000 ಮಹಿಳೆಯರು ಹೊಲದ ದುಡಿಮೆಯಿಂದ ಸಣ್ಣ ವ್ಯಾಪಾರಕ್ಕೆ ಬಂದರು. ಹೆಣ್ಣೇ ಯಜಮಾನಿಯಾದ ಮನೆಗಳಲ್ಲಿ ಪರಿಣಾಮ ಇನ್ನೂ ಹೆಚ್ಚು. ಕಾರಣ ನಮಗೆ ಅರ್ಥವಾಗದ್ದೇನಲ್ಲ. ಸಾಸಿವೆ ಡಬ್ಬಿಯಲ್ಲಿಟ್ಟ ದುಡ್ಡು ಯಾರ ಕಣ್ಣಿಗಾದರೂ ಬೀಳುತ್ತದೆ, ಪಿನ್ ಹಾಕಿದ ಫೋನಿನಲ್ಲಿರುವುದು ಬೀಳುವುದಿಲ್ಲ. ಅಲ್ಲಿನ ಮಹಿಳೆಯರು 'ಚಾಮಾ' ಎಂಬ ಗುಂಪು ಕಟ್ಟಿಕೊಂಡು ನಮ್ಮ ಚೀಟಿಯ ಹಾಗೆ ಸರದಿಯ ಮೇಲೆ ಹಣ ಎತ್ತುತ್ತಾರೆ. ಆ ಕಂತುಗಳೂ ಫೋನಿಗೆ ಬಂದವು.

ಎಲ್ಲವೂ ಸುಖಾಂತ್ಯ ಎಂದು ಹೇಳಿದರೆ ತಪ್ಪಾಗುತ್ತದೆ. ಹ್ಯಾಂಡ್‌ಸೆಟ್ಟು ಅಗ್ಗವಾಗಿ ಪ್ರತಿ ಮನೆಗೂ ಬಂದಂತೆ ಉಗಾಂಡದ ಹಳ್ಳಿ ಫೋನಿನ ಗಿರಾಕಿಗಳು ಕರಗಿದರು. 2009ರಲ್ಲಿ ಅಲ್ಲಿಯೂ ಎಂಟಿಎನ್ ಮೊಬೈಲ್ ಹಣದ ಸೇವೆ ಶುರುವಾಯಿತು. ಏಜೆಂಟ್ ಆಗಬೇಕಾದರೆ ನಗದು ಮತ್ತು ಫೋನಿನ ಹಣ ಎರಡೂ ಸದಾ ಕೈಯಲ್ಲಿರಬೇಕು. ಆ ಬಂಡವಾಳ ಎಲ್ಲ ಮಹಿಳೆಯರ ಹತ್ತಿರ ಎಲ್ಲಿಂದ ಬರಬೇಕು? 2018ರ ಜುಲೈನಲ್ಲಿ ಉಗಾಂಡ ಸರ್ಕಾರ ಮೊಬೈಲ್ ಹಣದ ಮೇಲೆ ಶೇಕಡಾ 1ರ ತೆರಿಗೆ ಹಾಕಿತು. ಜನ ಬೀದಿಗಿಳಿದ ಮೇಲೆ ಅದು ಹಣ ಬಿಡಿಸುವಾಗ ಮಾತ್ರ ಶೇಕಡಾ 0.5ಕ್ಕೆ ಇಳಿಯಿತು. ಕಡಿಮೆ ಲಾಭದಲ್ಲಿ ತರಕಾರಿ ಮಾರುವವಳಿಗೆ ಅರ್ಧ ಶೇಕಡಾ ಕೂಡ ಲೆಕ್ಕಕ್ಕೆ ಬರುತ್ತದೆ.

ಇಷ್ಟನ್ನೂ ಓದಿದ ಮೇಲೆ ನನಗೆ ತಿಳಿದದ್ದು ಒಂದು. ಯಂತ್ರ ಬಂದು ಹೋಗುತ್ತದೆ. ಉಳಿಯುವ ಬಂಡವಾಳವೆಂದರೆ ಊರಿನ ನಂಬಿಕೆ. ಆ ನಂಬಿಕೆಯನ್ನು ಒಂದು ಯಂತ್ರದಿಂದ ಮುಂದಿನದಕ್ಕೆ ದಾಟಿಸಿಕೊಂಡವಳು ಬದುಕಿಕೊಂಡಳು. ದಾಟಲು ಒಬ್ಬರು ಕೈ ಹಿಡಿಯಬೇಕು, ಕಲಿಸಿಕೊಡಬೇಕು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಲೇಬೇಕು. ಬೂತಿನ ಕೊನೆಯ ದಿನಗಳಲ್ಲಿ, ನಾನು ರಜೆಗೆ ಊರಿಗೆ ಹೋದಾಗ, ಅವ್ವ ಕೇಳಿದ್ದಳು: "ಮೊಬೈಲ್‌ಗೆ ರೊಕ್ಕ ಹಾಕೂದು ನನಗೂ ತೋರಸವಾ. ಬೂತ್‌ನ್ಯಾಗ ಅದನ್ನ ಮಾಡ್ತೀನಿ." ನಾನು ನಕ್ಕು, "ಅದೆಲ್ಲಾ ನಿನಗ್ಯಾಕಬೇ, ಇನ್ನೆರಡು ವರ್ಷಕ್ಕ ನಾನ ದುಡೀತೀನಲ್ಲ" ಅಂದಿದ್ದೆ. ಅವ್ವ ಮತ್ತೆ ಕೇಳಲಿಲ್ಲ. ಎದುರಿನ ಪಾನ್ ಅಂಗಡಿಯವನು ರೀಚಾರ್ಜ್ ಶುರು ಮಾಡಿ, ಮುಂದೆ ಅದೇ ಅಂಗಡಿಯಲ್ಲಿ ಹಣ ಕಳಿಸುವ ಕೌಂಟರನ್ನೂ ಇಟ್ಟ. ಅವ್ವನ ಗಿರಾಕಿಗಳೇ ಅಲ್ಲಿ ಪಾಳಿ ಹಚ್ಚಿದರು. ನನ್ನ ಸಂಬಳ ಅವಳ ಖಾತೆಗೆ ಹೋಗುತ್ತದೆ, ನಿಜ. ಆದರೆ ಅದು ಅವಳ ಗಳಿಕೆಯಲ್ಲ. ಉಗಾಂಡದ ಆ ಹೆಣ್ಣುಮಕ್ಕಳ ಬಗ್ಗೆ ಓದುವವರೆಗೂ ನನಗೆ ಈ ವ್ಯತ್ಯಾಸ ತಿಳಿದಿರಲಿಲ್ಲ.

ಪುಣೆಯ ಕಟ್ಟಡಗಳಲ್ಲಿ ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ದುಡಿಯುವ ನಮ್ಮವರು ಬಹಳ ಜನ ಇದ್ದಾರೆ. ಅವರ ಹೆಣ್ಣುಮಕ್ಕಳು ನಮ್ಮಲ್ಲಿ ಹಲವರ ಮನೆಗೆಲಸಕ್ಕೂ ಬರುತ್ತಾರೆ. ಕೆಲವರ ಕೂಲಿ ಇನ್ನೂ ಗಂಡನ ಅಥವಾ ಮಗನ ಫೋನಿಗೇ ಹೋಗುತ್ತದೆ. ನಮ್ಮ ಮನೆಗೆ ಬರುವ ಅಕ್ಕನ ಹೆಸರಿಗೆ ಹೋದ ತಿಂಗಳು ಖಾತೆ ಮಾಡಿಸಿ, ಅವರದೇ ಫೋನಿನಲ್ಲಿ ಅವರದೇ ಪಿನ್ ಇಡಲು ಕಲಿಸಿದೆ. ಅರ್ಧ ಗಂಟೆ ಹಿಡಿಯಿತು. ಪಿನ್ ಒತ್ತುವಾಗ ಅವರು ನನಗೂ ಕಾಣದಂತೆ ಅಂಗೈ ಅಡ್ಡ ಹಿಡಿದರು. ವೇದಿಕೆಯ ಗೆಳತಿಯರೆಲ್ಲ ತಲಾ ಒಬ್ಬರಿಗೆ ಇಷ್ಟು ಮಾಡಬಹುದಲ್ಲವೇ?