ಬೋಧನಾಧಿಕಾರವೂ ಪರೀಕ್ಷಾಧಿಕಾರವೂ: ಬೆಂಗಳೂರಿನ ಸೇಂಟ್ ಜೋಸೆಫ್ಸ್ ವಿದ್ಯಾಸಂಸ್ಥೆ

ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರವು ಈಗ ಕೇಶವ ದೇವಾಲಯದಿಂದಲೇ ಪ್ರಸಿದ್ಧವಾಗಿದೆ. ಆದರೆ 13ನೆಯ ಶತಮಾನದಲ್ಲಿ ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಅದನ್ನು ಅಗ್ರಹಾರವಾಗಿ ಸ್ಥಾಪಿಸಿದಾಗ ಅದಕ್ಕೆ ಸಂದ ಹೆಸರು ವಿದ್ಯಾನಿಧಿ ಪ್ರಸನ್ನ ಸೋಮನಾಥಪುರ ಎಂಬುದು. ಊರಿನ ಹೆಸರಿಗೇ ವಿದ್ಯೆಯನ್ನು ಜೋಡಿಸಿದ ಆ ಕಾಲದ ಶಾಸ್ತ್ರಾಧ್ಯಯನಕ್ರಮದಲ್ಲಿ ಪಾಠ ಹೇಳುವವರೂ ಯೋಗ್ಯತೆಯನ್ನು ನಿರ್ಣಯಿಸುವವರೂ ಒಂದೇ ವಿದ್ವತ್ಸಮುದಾಯಕ್ಕೆ ಸೇರಿದವರು. ಗುರುಮುಖದಿಂದ ಶಾಸ್ತ್ರವನ್ನು ಗ್ರಹಿಸಿದ ಶಿಷ್ಯನು ಸದಸ್ಸಿನಲ್ಲಿ ವಾಕ್ಯಾರ್ಥವನ್ನು ಹೇಳಿ, ಆಕ್ಷೇಪಗಳಿಗೆ ಸಮಾಧಾನವನ್ನಿತ್ತು, ಸಭೆಯ ಅಂಗೀಕಾರವನ್ನು ಪಡೆಯುತ್ತಿದ್ದನು. ಅದೇ ಅವನ ಪದವಿ.

ಬೋಧನೆ ಮತ್ತು ಪರೀಕ್ಷೆ ಎಂಬ ಈ ಎರಡು ಅಧಿಕಾರಗಳು ಒಂದೆಡೆ ಇರಬೇಕೋ ಬೇರೆಯಾಗಿರಬೇಕೋ ಎಂಬುದು ಯೂರೋಪಿನಲ್ಲಿಯೂ ಹಳೆಯ ವಿವಾದವೇ. ಪ್ಯಾರಿಸಿನಲ್ಲಿ ಪಾಠ ಹೇಳುವ ಅನುಜ್ಞೆಯನ್ನು ಕೊಡುವ ಅಧಿಕಾರವು ನೋತ್ರ್ ದಾಮ್ ಮಹಾದೇವಾಲಯದ ಚಾನ್ಸೆಲರನಲ್ಲಿತ್ತು. ಪಾಠ ಹೇಳುತ್ತಿದ್ದ ಆಚಾರ್ಯರಿಗೂ ಅವನಿಗೂ ಬಹುಕಾಲ ಕಲಹ ನಡೆಯಿತು. 1231ರಲ್ಲಿ ಪೋಪ್ ಒಂಬತ್ತನೆಯ ಗ್ರೆಗೊರಿಯು ಹೊರಡಿಸಿದ ಶಾಸನಪತ್ರವು ಚಾನ್ಸೆಲರನ ಸ್ವೇಚ್ಛೆಗೆ ಮಿತಿಯನ್ನು ಹಾಕಿ, ಅಭ್ಯರ್ಥಿಗಳ ಯೋಗ್ಯತೆಯ ವಿಷಯದಲ್ಲಿ ಆಚಾರ್ಯರ ಅಭಿಪ್ರಾಯಕ್ಕೆ ಸ್ಥಾನವನ್ನು ಕೊಟ್ಟಿತು. ಕ್ಯಾಥೊಲಿಕ ವಿಶ್ವವಿದ್ಯಾನಿಲಯವೆಂಬುದರ ಸ್ವರೂಪವು ರೂಪುಗೊಂಡದ್ದು ಇಂತಹ ವಿವಾದಗಳ ನಡುವೆಯೇ. ಮುಂದೆ ಇಗ್ನೇಷಿಯಸ್ ಲೊಯೋಲನು 1551ರಲ್ಲಿ ರೋಮಿನಲ್ಲಿ ಸ್ಥಾಪಿಸಿದ ವಿದ್ಯಾಲಯಕ್ಕೆ ಐದೇ ವರ್ಷಗಳಲ್ಲಿ, 1556ರಲ್ಲಿ, ಪದವೀಪ್ರದಾನದ ಅಧಿಕಾರವು ದೊರೆಯಿತು.

ಜೆಸ್ವಿಟರು 1599ರಲ್ಲಿ ಪ್ರಕಟಿಸಿದ ಅಧ್ಯಯನನಿಯಮವು ಸಂಸ್ಕೃತ ಪಾಠಶಾಲೆಗಳ ಕ್ರಮವನ್ನು ಬಲ್ಲವರಿಗೆ ಅಪರಿಚಿತವೆನಿಸದು. ಅದರಲ್ಲಿ ಮೊದಲು ಲ್ಯಾಟಿನ್ ವ್ಯಾಕರಣ, ಅನಂತರ ಕಾವ್ಯ, ಆಮೇಲೆ ಅಲಂಕಾರ. ಇವು ಮುಗಿದ ಬಳಿಕ ತರ್ಕಸಹಿತವಾದ ತತ್ತ್ವಶಾಸ್ತ್ರ, ಕಡೆಗೆ ದೇವತಾಶಾಸ್ತ್ರ. ಕಲಿತ ಪಾಠದ ಆವೃತ್ತಿಯೂ, ನಿಯತಕಾಲದಲ್ಲಿ ನಡೆಯುವ ಪೂರ್ವಪಕ್ಷ-ಸಿದ್ಧಾಂತರೂಪವಾದ ವಾದವೂ ಅಲ್ಲಿ ವಿಹಿತ. ವ್ಯಾಕರಣದಿಂದ ವಿದ್ಯಾರಂಭವೆಂಬ ಈ ಸಂಸ್ಕಾರದ ಫಲವು ಮೈಸೂರು ಸೀಮೆಯಲ್ಲಿಯೂ ಕಂಡುಬಂದಿತು. ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ವಿಟ್ ಲಿಯೊನಾರ್ಡೊ ಚಿನ್ನಮಿಯು ಕನ್ನಡವನ್ನು ಕಲಿತು ಅದರ ವ್ಯಾಕರಣವನ್ನು ಬರೆದನು. 1773ರಲ್ಲಿ ಪೋಪರ ಆಜ್ಞೆಯಿಂದ ಜೆಸ್ವಿಟ್ ಸಭೆಯು ವಿಸರ್ಜಿತವಾದ ತರುವಾಯ ಈ ಸೀಮೆಯ ಕಾರ್ಯವು ಪ್ಯಾರಿಸ್ ವಿದೇಶ ಮಿಷನ್ನಿನ ಫ್ರೆಂಚ್ ಪಾದ್ರಿಗಳಿಗೆ ಸಂದಿತು. 1814ರಲ್ಲಿ ಸಭೆಯು ಪುನಃ ಸ್ಥಾಪಿತವಾದರೂ ಮೈಸೂರು ಸೀಮೆಯು ಫ್ರೆಂಚರ ಕೈಯಲ್ಲಿಯೇ ಉಳಿಯಿತು.

ಬೆಂಗಳೂರಿನ ದಂಡು ಪ್ರದೇಶದಲ್ಲಿ 1882ರಲ್ಲಿ ಸೇಂಟ್ ಜೋಸೆಫ್ಸ್ ಕಾಲೇಜನ್ನು ಸ್ಥಾಪಿಸಿದವರು ಈ ಫ್ರೆಂಚ್ ಪಾದ್ರಿಗಳೇ. ಆಗ ದಕ್ಷಿಣದ ಉಚ್ಚವಿದ್ಯೆಯೆಲ್ಲವೂ ಮದರಾಸು ವಿಶ್ವವಿದ್ಯಾನಿಲಯದ ಅಧೀನವಾಗಿತ್ತು. ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ 1857ರಲ್ಲಿ ಏರ್ಪಟ್ಟ ಆ ಸಂಸ್ಥೆಯು ಮೊದಮೊದಲು ಪಾಠ ಹೇಳಲಿಲ್ಲ. ಪರೀಕ್ಷೆಯನ್ನು ನಡೆಸಿ ಪದವಿಯನ್ನು ಮಾತ್ರ ಕೊಡುತ್ತಿತ್ತು. ಹೀಗೆ ಕಲಿಸುವವನು ಒಬ್ಬನು, ಅಳೆಯುವವನು ಮತ್ತೊಬ್ಬನು ಎಂಬ ಏರ್ಪಾಡು ಈ ದೇಶದಲ್ಲಿ ಬೇರೂರಿತು. ಕಾಲೇಜಿನ ಅಧ್ಯಾಪಕನು ಎಷ್ಟೇ ವಿದ್ವಾಂಸನಾಗಿರಲಿ, ಏನನ್ನು ಓದಿಸಬೇಕು, ಏನನ್ನು ಕೇಳಬೇಕು ಎಂಬುದು ಅವನ ಕೈಯಲ್ಲಿ ಇರಲಿಲ್ಲ.

1937ರಲ್ಲಿ ಕಾಲೇಜಿನ ಆಡಳಿತವು ಫ್ರೆಂಚ್ ಪಾದ್ರಿಗಳಿಂದ ಜೆಸ್ವಿಟರಿಗೆ ಬಂದಿತು. ಪರೀಕ್ಷಾಧಿಕಾರಿಯೂ ಬದಲಾಗುತ್ತ ಹೋಯಿತು: ಮೊದಲು ಮದರಾಸು, ಅನಂತರ ಮೈಸೂರು, 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವು ಹುಟ್ಟಿದ ಮೇಲೆ ಅದು. ರಾಜ್ಯಗಳ ಗಡಿಗಳೂ ಸರ್ಕಾರಗಳೂ ಮಾರ್ಪಟ್ಟಂತೆ ಪದವೀಪತ್ರದ ಮುದ್ರೆಯು ಮಾರ್ಪಟ್ಟಿತು. ಪಾಠವು ಮಾತ್ರ ಅವಿಚ್ಛಿನ್ನವಾಗಿ ನಡೆಯಿತು. 1986ರಲ್ಲಿ ಸ್ನಾತಕೋತ್ತರ ತರಗತಿ, 1988ರಲ್ಲಿ ಸಂಶೋಧನಕೇಂದ್ರ, 2005ರಲ್ಲಿ ಸ್ವಾಯತ್ತತೆ ಎಂಬ ಕ್ರಮದಿಂದ ಅಧಿಕಾರವು ಮೆಟ್ಟಿಲುಮೆಟ್ಟಿಲಾಗಿ ದೊರೆಯಿತು. ಸ್ವಾಯತ್ತತೆಯಿಂದ ಪಠ್ಯವನ್ನು ರಚಿಸುವ, ಪರೀಕ್ಷೆಯನ್ನು ನಡೆಸುವ ಅಧಿಕಾರವು ಬಂದರೂ ಪದವಿಯು ಇನ್ನೂ ಮಾತೃಸಂಸ್ಥೆಯದೇ ಆಗಿತ್ತು. ಕಡೆಗೆ ಕರ್ನಾಟಕ ವಿಧಾನಮಂಡಲದ 2021ರ ಅಧಿನಿಯಮದಂತೆ ಕಾಲೇಜು ವಿಶ್ವವಿದ್ಯಾನಿಲಯವಾಯಿತು; 2022ರ ಸೆಪ್ಟೆಂಬರ್ 27ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಅದನ್ನು ಉದ್ಘಾಟಿಸಿದರು. ರೋಮಿನಲ್ಲಿ ಐದು ವರ್ಷಗಳಲ್ಲಿ ದೊರೆತದ್ದು ಇಲ್ಲಿ ದೊರೆಯಲು 140 ವರ್ಷಗಳು ಬೇಕಾದವು.

ಇದರ ನೆರೆಯ ಸಂಸ್ಥೆಗಳು ಬೇರೆ ದಾರಿಯಿಂದ ಅದೇ ಸ್ಥಾನವನ್ನು ಮುಟ್ಟಿದುವು. 1969ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕ್ರೈಸ್ಟ್ ಕಾಲೇಜು 2008ರಲ್ಲಿಯೂ, 1880ರಲ್ಲಿ ಮಂಗಳೂರಿನಲ್ಲಿ ಇಟಲಿಯ ಜೆಸ್ವಿಟರಿಂದ ಆರಂಭವಾದ ಸೇಂಟ್ ಅಲೋಶಿಯಸ್ ಕಾಲೇಜು 2024ರಲ್ಲಿಯೂ ಕೇಂದ್ರಸರ್ಕಾರದಿಂದ ಪರಿಗಣಿತ ವಿಶ್ವವಿದ್ಯಾನಿಲಯಗಳೆನಿಸಿದುವು. ಸೇಂಟ್ ಜೋಸೆಫ್ಸ್ ಸಂಸ್ಥೆಯು ರಾಜ್ಯದ ಶಾಸನಸಭೆಯಿಂದಲೇ ಅಧಿಕಾರವನ್ನು ಪಡೆದುದು ವಿಶೇಷ. ಮಧ್ಯಯುಗದಲ್ಲಿ ಪೋಪರ ಪತ್ರವು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಪ್ರಜಾಪ್ರತಿನಿಧಿಗಳ ಸಭೆಯು ಮಾಡಿತು. ಆದಕಾರಣ ಅಧಿಕಾರದ ಲೆಕ್ಕವನ್ನು ಅದು ಒಪ್ಪಿಸಬೇಕಾದುದು ತನ್ನ ಮತಸಭೆಗೆ ಮಾತ್ರವಲ್ಲ, ನಾಡಿನ ಜನಕ್ಕೂ ಹೌದು.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಕಲಿಸುವವನೇ ಪರೀಕ್ಷಿಸುವುದಾದರೆ ಪಕ್ಷಪಾತಕ್ಕೆ ಎಡೆಯಾಗದೆ? ಶಿಷ್ಯನ ಸೋಲು ಗುರುವಿನ ಸೋಲೇ ಆಗುವುದರಿಂದ ಅಳತೆಯು ಸಡಿಲವಾಗದೆ? ಈ ಆಕ್ಷೇಪವು ನಿರಾಧಾರವಲ್ಲ. ಆದರೆ ಇದಕ್ಕೆ ಹಳೆಯ ಕ್ರಮಗಳಲ್ಲಿಯೇ ಸಮಾಧಾನವಿದೆ. ಜೆಸ್ವಿಟರ ನಿಯಮದಲ್ಲಿ ತರಗತಿಯಿಂದ ತರಗತಿಗೆ ಏರಿಸುವ ನಿರ್ಣಯವನ್ನು ಪಾಠ ಹೇಳಿದ ಒಬ್ಬನಿಗೇ ಬಿಡದೆ ಪರೀಕ್ಷಕರ ಮಂಡಲಿಗೆ ವಹಿಸಲಾಗಿತ್ತು. ಸದಸ್ಸಿನಲ್ಲಿಯೂ ಶಿಷ್ಯನನ್ನು ಪ್ರಶ್ನಿಸುತ್ತಿದ್ದವರು ಅವನ ಗುರುವಲ್ಲ, ಪರಸ್ಥಳದ ವಿದ್ವಾಂಸರು. ಎರಡು ಅಧಿಕಾರಗಳೂ ವಿದ್ವಾಂಸರಲ್ಲಿಯೇ ಇರಲಿ, ಆದರೆ ಸಾಕ್ಷಿಯಿಲ್ಲದೆ ಇರಬಾರದು ಎಂಬುದೇ ಉಭಯಸಂಪ್ರದಾಯಗಳ ತಾತ್ಪರ್ಯ.

ಅಧಿಕಾರಪತ್ರವು ವಿದ್ಯೆಯನ್ನು ಹುಟ್ಟಿಸಲಾರದು ಎಂಬುದಕ್ಕೆ ಈ ಇತಿಹಾಸವೇ ಪ್ರಮಾಣ. ಏಕೆಂದರೆ ಆ ಪತ್ರವಿಲ್ಲದೆಯೂ 140 ವರ್ಷಗಳ ಕಾಲ ಅಲ್ಲಿ ವಿದ್ಯೆಯು ನಡೆಯಿತು. ದಾನಶಾಸನವು ವಿದ್ಯೆಯನ್ನು ಉಳಿಸಲಾರದು ಎಂಬುದಕ್ಕೆ ಸೋಮನಾಥಪುರವು ಪ್ರಮಾಣ. ಅಲ್ಲಿಯ ಕೇಶವಾಲಯವು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ವಿದ್ಯಾನಿಧಿಯೆಂಬ ಹೆಸರು ಮಾತ್ರ ಶಾಸನದಲ್ಲಿ ಉಳಿದಿದೆ. ಪಾಠವು ನಿಂತ ಮೇಲೂ ಕಟ್ಟಡವು ನಿಲ್ಲುತ್ತದೆ. ಹೊಸದಾಗಿ ಪದವೀಪ್ರದಾನದ ಅಧಿಕಾರವನ್ನು ಪಡೆದ ಸಂಸ್ಥೆಗಳು ಕಾಪಾಡಿಕೊಳ್ಳಬೇಕಾದುದು ಪಾಠವನ್ನು.