ಅಯೋವಾ ವಿದ್ಯಾರ್ಥಿನಿಯರ ಬ್ಯಾಸ್ಕೆಟ್‌ಬಾಲ್: ಒಂದು ಶತಮಾನದ ಬೆಳೆ

2023ನೆಯ ಇಸವಿಯ ಅಕ್ಟೋಬರ್ 15ರಂದು ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಬಯಲು ಕ್ರೀಡಾಂಗಣದಲ್ಲಿ ವಿದ್ಯಾರ್ಥಿನಿಯರ ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದು ನಡೆಯಿತು. ಅದು ಯಾವ ಪ್ರಶಸ್ತಿಗಾಗಿಯೂ ನಡೆದುದಲ್ಲ. ಕೇವಲ ಪ್ರದರ್ಶನ ಪಂದ್ಯ. ಆದರೂ ನೋಡಲು ನೆರೆದವರು 55,646 ಮಂದಿ. ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಆಟಕ್ಕೆ ಅಷ್ಟು ಜನ ಹಿಂದೆಂದೂ ಸೇರಿರಲಿಲ್ಲ. ಇದಕ್ಕೆ ಕಾರಣವೇನೆಂದರೆ ಕೇಟ್ಲಿನ್ ಕ್ಲಾರ್ಕ್ ಎಂಬ ಒಬ್ಬ ಆಟಗಾರ್ತಿಯ ಹೆಸರನ್ನು ಹೇಳಿ ಸುಮ್ಮನಾಗುವುದುಂಟು. ಇತಿಹಾಸವನ್ನು ಓದುವ ನಾವು ಅಷ್ಟಕ್ಕೇ ತೃಪ್ತರಾಗಬಾರದು. ಬೆಳೆಯನ್ನು ಕಂಡವರು ಉತ್ತವರನ್ನೂ ಬಿತ್ತಿದವರನ್ನೂ ನೆನೆಯಬೇಕಷ್ಟೆ.

ಈ ಆಟವೇ ಒಬ್ಬ ಉಪಾಧ್ಯಾಯರ ಸೃಷ್ಟಿ. 1891ರ ಡಿಸೆಂಬರಿನಲ್ಲಿ ಜೇಮ್ಸ್ ನೈಸ್ಮಿತ್ ಅವರು ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿ ಇದನ್ನು ಆರಂಭಿಸಿದರು. ಮರುವರ್ಷವೇ ಸೆಂಡಾ ಬೆರೆನ್ಸನ್ ಎಂಬ ಉಪಾಧ್ಯಾಯಿನಿ ಅದನ್ನು ಸ್ಮಿತ್ ಮಹಿಳಾ ಕಾಲೇಜಿಗೆ ತಂದರು. 1893ರ ಮಾರ್ಚಿಯಲ್ಲಿ ಅಲ್ಲಿ ನಡೆದ ಪಂದ್ಯಕ್ಕೆ ಗಂಡಸರಿಗೆ ಪ್ರವೇಶವಿರಲಿಲ್ಲ. ಹೆಚ್ಚಿನ ಓಟ ಹೆಣ್ಣುಮಕ್ಕಳ ದೇಹಕ್ಕೆ ಒಗ್ಗದೆಂಬುದು ಆ ಕಾಲದ ನಂಬಿಕೆ. ಆದುದರಿಂದ ಅಂಗಣವನ್ನು ಮೂರು ಪಾಲು ಮಾಡಿ, ತನ್ನ ಪಾಲನ್ನು ಯಾರೂ ದಾಟಬಾರದೆಂದು ವಿಧಿಸಿದರು.

ಅಯೋವಾ ರಾಜ್ಯದ ಹಳ್ಳಿಗಾಡಿನ ಶಾಲೆಗಳು ಈ ಆಟವನ್ನು ಬಹುಬೇಗ ಒಲಿದುಕೊಂಡವು. 1920ರಲ್ಲಿ ಬಾಲಕಿಯರ ರಾಜ್ಯಮಟ್ಟದ ಪಂದ್ಯಾವಳಿ ಮೊದಲಾಯಿತು. ಕೆಲವು ವರ್ಷಗಳಲ್ಲಿಯೇ, ಇದು ಹುಡುಗಿಯರಿಗೆ ತಕ್ಕುದಲ್ಲವೆಂಬ ಆಕ್ಷೇಪ ಎದ್ದಿತು. ಆಗ ಸಣ್ಣ ಊರುಗಳ ಶಾಲಾಧಿಕಾರಿಗಳು ಎದೆಗುಂದದೆ, ಬಾಲಕಿಯರಿಗಾಗಿಯೇ ಪ್ರತ್ಯೇಕ ಕ್ರೀಡಾಸಂಘವನ್ನು ಕಟ್ಟಿ ಆಟವನ್ನು ಉಳಿಸಿದರು. ಅಲ್ಲಿ ತಂಡಕ್ಕೆ ಆರು ಮಂದಿ: ಮೂವರು ಅಂಕ ಗಳಿಸತಕ್ಕವರು, ಮೂವರು ತಡೆಯತಕ್ಕವರು, ನಡುಗೆರೆಯನ್ನು ಯಾರೂ ದಾಟುವಂತಿಲ್ಲ. ಈ ಆರು ಮಂದಿಯ ಆಟ ಆ ರಾಜ್ಯದಲ್ಲಿ 1993ರವರೆಗೂ ಬಾಳಿತು.

ಆದರೆ ಶಾಲೆಯಲ್ಲಿ ಊರೇ ಮೆಚ್ಚಿದ ಹುಡುಗಿಗೆ ವಿಶ್ವವಿದ್ಯಾನಿಲಯದಲ್ಲಿ ತಂಡವೇ ಇರಲಿಲ್ಲ! ಆ ಬಾಗಿಲನ್ನು ತೆರೆಯಲು ಶಾಸನವೇ ಬೇಕಾಯಿತು. ಸರಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದೆಂದು 1972ರಲ್ಲಿ ಅಮೆರಿಕದ ಕೇಂದ್ರ ಸರಕಾರ ವಿಧಿಸಿತು. ಮರುವರ್ಷ ಅಯೋವಾದ ಮಹಿಳಾ ಕ್ರೀಡಾ ವಿಭಾಗದ ಹೊಣೆ ಹೊತ್ತ ಕ್ರಿಸ್ಟೀನ್ ಗ್ರಾಂಟ್ ಅವರು 2000ದವರೆಗೆ ಅದನ್ನು ಬೆಳೆಸಿದರು. 1974ರಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಯರ ತಂಡ ಕಣಕ್ಕಿಳಿಯಿತು. 1983ರಲ್ಲಿ ವಿವಿಯನ್ ಸ್ಟ್ರಿಂಗರ್ ತರಬೇತುದಾರರಾಗಿ ಬಂದರು. 1985ರ ಫೆಬ್ರವರಿಯ ಒಂದು ಪಂದ್ಯಕ್ಕೆ 22,157 ಮಂದಿ ನೆರೆದರು. ಆ ಸಭಾಂಗಣದಲ್ಲಿ ಅಷ್ಟು ಆಸನಗಳೇ ಇರಲಿಲ್ಲ.

ಇಂತಹ ನೆಲದಲ್ಲಿ ಹುಟ್ಟಿದವರು ಕ್ಲಾರ್ಕ್. ಅದೇ ರಾಜ್ಯದ ಮಗಳಾದ ಅವರು 2020ರಲ್ಲಿ ತರಬೇತುದಾರರಾದ ಲೀಸಾ ಬ್ಲೂಡರ್ ಅವರ ತಂಡವನ್ನು ಸೇರಿ, ನಾಲ್ಕು ವರ್ಷಗಳಲ್ಲಿ 3,951 ಅಂಕಗಳನ್ನು ಗಳಿಸಿದರು. ಪುರುಷರ ವಿಭಾಗದಲ್ಲಿ ಪೀಟ್ ಮರಾವಿಚ್ ಅವರು 1970ರಲ್ಲಿ ಸ್ಥಾಪಿಸಿದ್ದ 3,667 ಅಂಕಗಳ ದಾಖಲೆಯೂ ಹಿಂದೆ ಬಿದ್ದಿತು. 2024ರ ಏಪ್ರಿಲ್ 7ರ ಅಂತಿಮ ಪಂದ್ಯವನ್ನು ದೂರದರ್ಶನದಲ್ಲಿ ಸುಮಾರು 1 ಕೋಟಿ 89 ಲಕ್ಷ ಜನ ನೋಡಿದರು. ಆ ವರ್ಷದ ಪುರುಷರ ಅಂತಿಮ ಪಂದ್ಯವನ್ನು ನೋಡಿದವರು ಸುಮಾರು 1 ಕೋಟಿ 48 ಲಕ್ಷ. ಆ ದಿನ ಅಯೋವಾ ತಂಡ ಸೌತ್ ಕ್ಯಾರೊಲೈನಾಕ್ಕೆ 87–75ರಿಂದ ಸೋತಿತೆಂಬುದನ್ನೂ ಮರೆಯಬಾರದು. ಜನ ಕೇವಲ ಗೆಲುವನ್ನು ನೋಡಲು ಬಂದವರಲ್ಲ.

ಪ್ರತಿಭೆ ಎಲ್ಲಿ ಹುಟ್ಟೀತೆಂದು ಯಾರೂ ಹೇಳಲಾರರು. ಆದರೆ ಅಂಗಳವನ್ನು ಹಸನುಮಾಡಿ, ಚೆಂಡನ್ನು ಕೈಗಿತ್ತು, ಆಡಬೇಡವೆಂಬ ಮಾತಿಗೆ ಅಡ್ಡವಾಗಿ ನಿಲ್ಲುವುದು ಉಪಾಧ್ಯಾಯರಾದ ನಮ್ಮ ಕೈಯಲ್ಲಿದೆ. ಅಯೋವಾದ ಸಣ್ಣ ಊರುಗಳ ಶಾಲೆಗಳು ಮಾಡಿದ್ದು ಇಷ್ಟೇ. ಅದರ ಫಲಕ್ಕೆ ನೂರು ವರ್ಷ ಹಿಡಿಯಿತು.